ಬೆಳ್ಳಿ ಮೂಡುವ ತನಕ

ಯಲಬುರ್ಗಾದಲ್ಲಿ ಆಗಷ್ಟೇ ಹೊತ್ತು ಮುಳುಗಿತ್ತು. ಕೊಪ್ಪಳದ ಮೋಟಾರು ಕಾಯುತ್ತ ಕೂತಿದ್ದ ಬಳೆಗಾರ ಮುರ್ತುಜಾಸಾಬನ ಕಿವಿ ಪಕ್ಕದ ಅತ್ತೆ-ಸೊಸೆಯ ಮಾತಿಗೆ ನೆಟ್ಟಗಾಯಿತು.

“ಬೆಳ್ಳಿಚುಕ್ಕಿ ಮೂಡೇತಿ, ಬೀಸಾಕ ಏಳು ಅಂತ ನಿನ್ನೆ ರಾತ್ರಿ ಎಬ್ಬಿಸಿದ್ರಿ. ಬುಟ್ಟಿ ಜೋಳ ಬೀಸಿ ಮುಗದ್ರೂ ಕೋಳಿ ಕೂಗಲಿಲ್ಲ!” ಎಂದಳು ಸೊಸೆ ಪಕ್ಕೀರವ್ವ.

“ಕೋಳಿಗೆ ಮಂಪರ ಇರಬೇಕು. ನಾ ಕಣ್ಣಾರೆ ಚುಕ್ಕಿ ನೋಡೀನಿ,” ಅತ್ತೆ ಸುಂಕಲಮ್ಮ ಸೋಲಲಿಲ್ಲ.

“ಅದು ಗುರುಗ್ರಹ ರೀ ಅತ್ತಿ. ಬೆಳ್ಳಿ ಸೂರ್ಯಪ್ಪನ ಸೆರಗು ಬಿಟ್ಟು ದೂರ ಹೋಗೂದಿಲ್ಲ, ನಡುರಾತ್ರ್ಯಾಗ ಹೆಂಗ ಮೂಡತೈತಿ? ಹೊತ್ತು ಮುಳುಗಿದ ಕಡೆ ನೋಡ್ರಿ, ಅದ ನಿಮ್ಮ ಬೆಳ್ಳಿ!”

“ಅಯ್ಯ, ಅದು ಸಂಜಿ ಚುಕ್ಕಿ!”

“ಎರಡೂ ಒಂದ ರೀ! ಕೆಲವು ತಿಂಗಳು ಮುಂಜಾನಿ, ಕೆಲವು ತಿಂಗಳು ಸಂಜಿ. ಅದು ಚುಕ್ಕಿನೂ ಅಲ್ಲ, ಗ್ರಹ. ತನ್ನ ಬೆಳಕಿಲ್ಲ, ಸೂರ್ಯನ ಬೆಳಕು ಬಿದ್ದು ಹೊಳೀತೈತಿ, ಚಂದ್ರನಂಗ. ನಮ್ಮ ತಮ್ಮನ ಸಾಲಿ ಮಾಸ್ತರು ಹೇಳ್ಯಾರ.”

ಸುಂಕಲಮ್ಮ ಎದ್ದೇ ನಿಂತಳು. “ಹೌದಲ್ಲ! ಮಿಣುಕೂದ ಇಲ್ಲ ನೋಡು! ಇಷ್ಟು ವರ್ಷ ಒಂದನ್ನ ಎರಡು ಅಂದ್ಕೊಂಡಿದ್ನಲ್ಲವ್ವಾ!”

ಮುರ್ತುಜಾಸಾಬನೂ ಅದನ್ನು ನೋಡಲು ಬಳೆಗಂಟು ಬಿಟ್ಟು ಎದ್ದ.

ಅಷ್ಟರಲ್ಲಿ ಅತ್ತೆ-ಸೊಸೆ ಹೋಗಬೇಕಿದ್ದ ಕುಷ್ಟಗಿಯ ಮೋಟಾರು ಬಂತು. ಹತ್ತುತ್ತಲೇ ಸುಂಕಲಮ್ಮ ಅಂದಳು: “ಆತು, ತಪ್ಪು ನಂದು. ಇನ್ನ ಮ್ಯಾಲೆ ಖರೇ ಬೆಳ್ಳಿ ಮೂಡೂತನಕ ನಿನ್ನ ಎಬ್ಬಿಸೂದಿಲ್ಲ. ಹುಲಿಗೆಮ್ಮನ ಆಣಿ!”

“ಆಣಿ ಮಾಡೀರಿ, ನೆನಪಿರ್ಲಿ ರೀ!”

ಮೋಟಾರು ಹೊರಟಿತು. ಕಿಟಕಿಯಿಂದ ಸುಂಕಲಮ್ಮನ ದನಿ ಕೇಳಿತು:

“ಅಲ್ಲ ಪಕ್ಕೀರಿ, ಅದು ತಿರುಗಿ ಮುಂಜಾನಿಗೆ ಬರೂದು ಯಾವಾಗ?”

“ಬರೂ ಸುಗ್ಗಿಗೆ ರೀ, ಅತ್ತಿ!”