ಮೇಜಿನ ಆ ಕಡೆ

ಹೆಂಡತಿಯ ಗಡ್ಡೆಯ ಸ್ಕ್ಯಾನ್ ಕವರನ್ನು ಎದೆಗವಚಿಕೊಂಡು ಆಸ್ಪತ್ರೆಯ ಲಿಫ್ಟಿನ ಗುಂಡಿಯನ್ನು ಮೇಲಿಂದ ಮೇಲೆ ಒತ್ತುತ್ತಿದ್ದವನ ಬೆನ್ನ ಹಿಂದೆ, ಪ್ರಯೋಗಾಲಯದ ಹೆಂಗಸರಿಬ್ಬರ ಪಿಸುಮಾತು ನಡೆದಿತ್ತು.

“ಎಡಕ್ಕೆ ತಿರುಚಿದ ಚಿನ್ನದ ಕಣದ ಮದ್ದು ಎಡಗಡೆ ಇಟ್ಟಿದ್ದೆ ಅಕ್ಕಾ, ಬಲದ್ದು ಬಲಗಡೆ.”

“ಅಯ್ಯೋ, ನಾನು ಮೇಜಿನ ಆ ಕಡೆ ನಿಂತು, ಬಲದ್ದು ಅಂತ ಎಡದ್ದನ್ನೇ ಇಲಿಗಳಿಗೆ ಚುಚ್ಚಿದೆನಲ್ಲೇ!”

“ಮತ್ತೆ? ಬಲಕ್ಕೆ ತಿರುಗೋ ಬೆಳಕು ಹಾಯಿಸಿದ್ರೆ ಎಡದ ಕಣ ಎಲ್ಲಿ ಬಿಸಿಯಾಗಿ ಗಡ್ಡೆ ಸುಡುತ್ತೆ?”

“ಅದಕ್ಕೇ ಇಲಿಗಳ ಗಡ್ಡೆ ಕರಗಲಿಲ್ಲ.”

“ಈ ಮದ್ದು ಕೆಲಸಕ್ಕೆ ಬರಲ್ಲ ಅಂತ ಸರ್ ಮೂರು ಗಂಟೆಗೆ ಫೈಲ್ ಮುಚ್ಚಿಬಿಡ್ತಾರೆ.”

“ಈಗೆಷ್ಟು?”

“ಐದೇ ನಿಮಿಷ ಇದೆ.”

“ತಪ್ಪು ನಂದು ಅಂತೀನಿ. ಬೈದ್ರೆ ಬೈಲಿ.”

ಲಿಫ್ಟ್ ಬಂತು. ಒಳಗೆ ಇಬ್ಬರಿಗಷ್ಟೇ ಜಾಗವಿತ್ತು. ಬೆಳಗಿನಿಂದ ಯಾರಿಗೂ ಸರದಿ ಬಿಟ್ಟುಕೊಡದಿದ್ದವನು ಪಕ್ಕಕ್ಕೆ ಸರಿದ.

“ನೀವು ಹೋಗಿ ತಾಯಿ. ಬೇಗ ಹೇಳಿ ಅವರಿಗೆ.”