ಅಪ್ಪನ ಢೋಲಕ್ಕಿನ ಗುಂಡಿ

ರಿಪೇರಿ ಅಂಗಡಿಯ ಬೆಂಚಿನಲ್ಲಿ ಕೆಟ್ಟ ಇಸ್ತ್ರಿಪೆಟ್ಟಿಗೆ ಹಿಡಿದು ಕೂತಿದ್ದ ದರ್ಜಿಯ ಪಕ್ಕದಲ್ಲಿ ಆರ್ಕೆಸ್ಟ್ರಾದ ಅಣ್ಣ ತಂಗಿ ಮಾತಾಡುತ್ತಿದ್ದರು. ಅಣ್ಣನ ತೊಡೆಯ ಮೇಲೆ ಹಾಡು ಜೋಡಿಸುವ ಯಂತ್ರವಿತ್ತು. ಅದರಲ್ಲಿ ಒಂದೊಂದು ವಾದ್ಯಕ್ಕೂ ಒಂದೊಂದು ಗುಂಡಿ; ಒತ್ತಿದರೆ ಆ ವಾದ್ಯದ ದನಿ ನಿಲ್ಲುತ್ತಿತ್ತು.

“ಅಪ್ಪನ ಢೋಲಕ್ ಯಾಕೋ ಮ್ಯೂಟ್ ಮಾಡಿದ್ದೆ?”

“ಕೊಳಲು ಜೋಡಿಸುವಾಗ ಮಾಡಿದ್ದು ಕಣೇ. ತೆಗೆಯೋದು ಮರೆತು ಹಾಗೇ ಸೇವ್ ಮಾಡ್ಬಿಟ್ಟೆ.”

“ಕೈ ನಡುಗೋಕೆ ಮುಂಚೆ ಅವರು ಬಾರಿಸಿದ್ದು ಅದೊಂದೇ ಉಳಿದಿರೋದು. ಪ್ರೋಗ್ರಾಂನಲ್ಲಿ ಅದನ್ನ ಕೇಳೋಕೆ ಅಂತ್ಲೇ ಮುಂದಿನ ಸಾಲಲ್ಲಿ ಕೂತಿದ್ರು.”

“ಹಾಡು ಈಗ ಹಗುರಾಯ್ತು, ಒಳ್ಳೇದು ಮಾಡ್ದೆ ಅಂದ್ರು.”

“ಮರೆತೆ ಅಂತ ಹೇಳ್ಬಾರ್ದಾ, ಕತ್ತೆ?”

“ಹೇಳ್ದೆ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಗಾ ಅಂತ ಬೆನ್ನು ತಟ್ಟಿದ್ರು.”

ಇವನಿಗೆ ಎರಡು ಬಿಗಿಯಬೇಕು ಎಂದುಕೊಳ್ಳುತ್ತಿದ್ದ ದರ್ಜಿ ಸರಿದು ಅವನಿಗೆ ಬೆಂಚಿನಲ್ಲಿ ಇನ್ನಷ್ಟು ಜಾಗ ಬಿಟ್ಟ.

“ಸರಿ ಮಾಡಿ ಇನ್ನೊಂದ್ಸಲ ಕೇಳಿಸೋಣ.”

“ಕೇಳ್ತಾರೆ, ತಲೆನೂ ತೂಗ್ತಾರೆ. ಮರೆತಿದ್ದೆ ಅಂದ್ರೆ ಮಾತ್ರ ನಂಬಲ್ಲ.”

ಅಂಗಡಿಯವನು ಕರೆದ. ಇಬ್ಬರೂ ಎದ್ದು ಒಳಗೆ ಹೋದರು.