ನಿನ್ನ ಹೆಸರಲ್ಲಿ ಜೋಡಿಸಿದ್ದು

...ಇಲ್ಲ, ಕೂತ್ಕೋ. ಬಾಗಿಲು ಹಾಕಿದ್ದೀನಿ. ಗಾಜಿನ ಗೋಡೆ ಆದ್ರೂ ಹೊರಗಿನವರಿಗೆ ಏನೂ ಕೇಳ್ಸಲ್ಲ. ಹೇಳು, ಬೆಳಿಗ್ಗೆ ಮ್ಯಾನೇಜರ್ ಹತ್ರ ಏನಂದೆ? ಇಪ್ಪತ್ತು ನಿಮಿಷ ಕಣೇ! ಇಪ್ಪತ್ತು ನಿಮಿಷ ಅವರ ರೂಮಲ್ಲಿದ್ದು ಹೊರಗೆ ಬಂದವಳು ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ. ಆಗಲೇ ಅಂದ್ಕೊಂಡೆ... ಅಕ್ಕನ್ನ ಹಿಡಿದುಕೊಟ್ಟುಬಿಟ್ಲು ಅಂತ.

ಯಾಕೆ ನಗ್ತೀಯ?

ನಗು, ನಗು. ಕೆಲಸಕ್ಕೆ ಸೇರಿದ ದಿನ ಮೌಸ್ ಹಿಡಿಯೋಕೂ ಬರ್ತಿರ್ಲಿಲ್ಲ ನಿನಗೆ. ಪಕ್ಕದಲ್ಲಿ ಕೂರಿಸ್ಕೊಂಡು ಕಲಿಸಿದವಳು ಯಾರು? ಆರು ವರ್ಷ, ನನ್ನ ಊಟದ ಡಬ್ಬಿಯಲ್ಲಿ ಅರ್ಧ ನಿನಗೇ! ಸ್ವಂತ ತಂಗಿಗೂ ಅಷ್ಟು ಮಾಡಿಲ್ಲ ನಾನು. ಋಣ ಚೆನ್ನಾಗೇ ತೀರಿಸಿದೆ ಬಿಡು.

ಹೌದು, ನಿನ್ನೆ ಔಷಧಿ ವ್ಯಾನುಗಳು ಮಧ್ಯಾಹ್ನದವರೆಗೂ ಗೋಡೌನಲ್ಲೇ ನಿಂತಿದ್ವು. ಹೌದು, ಒಂಬತ್ತು ಆಸ್ಪತ್ರೆಗೆ ಇನ್ಸುಲಿನ್ ಹೋಗ್ಲಿಲ್ಲ. ಆದ್ರೆ ದಿನಾ ಲೋಡಿನ ಪಟ್ಟಿ ತರೋ ಆ ಶೆಡ್ಯೂಲರ್ ಪ್ರೋಗ್ರಾಂ ತನ್ನ ಪಾಡಿಗೆ ಬೆಳಿಗ್ಗೆ ಐದಕ್ಕೆ ಎದ್ದಿದೆ, ಆರ್ಡರ್ ಲೆಕ್ಕವೆಲ್ಲ ಇಟ್ಟಿರೋ ಕ್ಲೌಡಿನ ಡೇಟಾ ವೇರ್‌ಹೌಸ್ ಬಾಗಿಲು ತಟ್ಟಿದೆ... ಒಳಗೆ ಬಿಟ್ಕೊಂಡಿಲ್ಲ. ಯಾವ ವ್ಯಾನಿಗೆ ಏನು ತುಂಬಬೇಕು ಅನ್ನೋ ಪಟ್ಟಿನೇ ಬರ್ಲಿಲ್ಲ. ಯಾಕೆ? ನೀನು ಹಿಂದಿನ ಸಂಜೆ ಪಾಸ್‌ವರ್ಡ್ ಬದಲಾಯಿಸಿದ್ದೆ! ನನಗೊಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?

ಏನು ಹಾಗೆ ನೋಡ್ತೀಯ?

...ಸರಿ. ನಿನ್ನ ಲಾಗಿನ್ ಹಾಕಿ ಶೆಡ್ಯೂಲರನ್ನ ಆ ವೇರ್‌ಹೌಸಿಗೆ ಜೋಡಿಸಿದ್ದು ನಾನೇ. ನಿಮ್ಮಮ್ಮ ಆಸ್ಪತ್ರೆಯಲ್ಲಿದ್ದಾಗ, ನನ್ನ ರಜೆ ಅರ್ಜಿ ನೀನೇ ಹಾಕಿಬಿಡಕ್ಕ ಅಂತ ಪಾಸ್‌ವರ್ಡ್ ಕೊಟ್ಟಿದ್ದೆಯಲ್ಲ, ಅದೇ. ಆಫೀಸಲ್ಲಿ ಎಲ್ಲದಕ್ಕೂ ಅದೊಂದೇ ತಾನೆ? ಮೆಷಿನ್‌ಗೇ ಅಂತ ಬೇರೆ ಲಾಗಿನ್ ಕೇಳಿದ್ರೆ ಮೂರು ವಾರ ಕಾಯ್ಬೇಕಿತ್ತು. ಮ್ಯಾನೇಜರಿಗೋ ಸೋಮವಾರವೇ ಆಗಬೇಕು!

ನಂದನ್ನೇ ಹಾಕಬಹುದಿತ್ತು... ಹ್ಞೂಂ, ಹಾಕಬಹುದಿತ್ತು. ಮನುಷ್ಯರ ಲಾಗಿನ್ ಮೆಷಿನ್‌ಗೆ ಹಾಕೋ ಹಾಗಿಲ್ವಲ್ಲ, ಸಿಕ್ಕಿಬಿದ್ರೆ ಅಂತ ಹೆದರಿದೆ. ಆಮೇಲೆ ತೆಗೆದುಹಾಕೋಣ ಅಂತಿದ್ದೆ ಕಣೇ, ಆಣೆ ಮಾಡಿ ಹೇಳ್ತೀನಿ. ಓಡ್ತಿತ್ತು, ಓಡ್ತಿತ್ತು... ಮರೆತೇಬಿಟ್ಟೆ.

ಆ ಪಾಸ್‌ವರ್ಡ್ ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅಂದ್ಮೇಲೆ ನನ್ನ ಹೆಸರು ಹೇಳದೆ ಇನ್ಯಾರ ಹೆಸರು ಹೇಳಿರ್ತೀಯ? ನಿನ್ನ ಜಾಗದಲ್ಲಿ ಯಾರೇ ಇದ್ರೂ ಹೇಳ್ತಿದ್ರು. ಆದ್ರೂ ನೀನು... ನೀನು ಹೇಳ್ಬಾರದಿತ್ತು.

ಅಲ್ಲ, ಐಡಿ ಕಾರ್ಡ್ ಯಾಕೆ ಬಿಚ್ಚಿ ಮೇಜಿನ ಮೇಲಿಡ್ತೀಯ? ಮಾಡಿದವಳು ನಾನು ಅಂತ ಗೊತ್ತಾದ್ಮೇಲೆ ನಿನ್ನ ಕೆಲಸಕ್ಕೇನು ಬಂತು? ...ಹೇಳಿದ್ದೀಯ ತಾನೆ? ಬಾಯಿ ಬಿಡೇ!

ಅವರ ಮುಂದೆಯೂ ಹೀಗೇ ಕೂತಿದ್ದೆಯಾ? ಇಪ್ಪತ್ತು ನಿಮಿಷ... ಸುಮ್ಮನೆ?

ಅಯ್ಯೋ... ನೀನು ಹೇಳಿಬಿಟ್ಟಿರ್ತೀಯ ಅಂತ, ನೀನು ಹೊರಗೆ ಬಂದ ಹಿಂದೆಯೇ ನಾನು ಮ್ಯಾನೇಜರ್ ರೂಮಿಗೆ ಹೋದೆ ಕಣೇ. ನನಗೇನೂ ಗೊತ್ತಿಲ್ಲ ಸಾರ್, ಎಲ್ಲ ಅವಳೇ ಮಾಡಿದ್ದು ಅಂದುಬಿಟ್ಟೆ.